ಕೆಫೆಯಲ್ಲಿ ಕೇಳಿದ ಹಾಡು ತಲೆ ಬಿಟ್ಟು ಹೋಗುತ್ತಿಲ್ಲ. ಕಟ್ ಕಾಪಿ ಬ್ಯಾಂಡನ್ನು ಎಲ್ಲಿಂದ ಶುರು ಮಾಡಲಿ?

ಟ್ರಾಂ_19

ನಮಸ್ಕಾರ ಎಲ್ಲರಿಗೂ. ಮೆಲ್ಬರ್ನ್‌ಗೆ ಬಂದು ಮೂರು ವರ್ಷವಾಯಿತು. ಇಷ್ಟು ದಿನ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಇವತ್ತು ಬರೆಯದೆ ಇರಲಾಗಲಿಲ್ಲ.

ಮೊನ್ನೆ ಶನಿವಾರ ಬ್ರನ್ಸ್‌ವಿಕ್‌ನ ಸಿಡ್ನಿ ರೋಡ್‌ನಲ್ಲಿ ಮಳೆಗೆ ಸಿಕ್ಕಿಬಿದ್ದು ಒಂದು ಕೆಫೆ ಹೊಕ್ಕೆ. ಸ್ಪೀಕರ್‌ನಲ್ಲಿ ಒಂದು ಹಾಡು ಬರುತ್ತಿತ್ತು. ಒಂದೇ ಸಮ ಧಪ್ ಧಪ್ ಅನ್ನುವ ಡ್ರಮ್. ಮೇಲೆ ಹಳೇ ಕಾಲದ ಸಿಂಥಸೈಜರ್. ಹಾಡುವವನ ದನಿ ಮಾತ್ರ ಅರ್ಧ ನಿದ್ದೆಯಲ್ಲಿ ಇದ್ದ ಹಾಗೆ. ಕಾಲು ತಾನಾಗಿ ಕುಣಿಯುತ್ತಿದೆ, ಮನಸ್ಸಿಗೆ ಯಾಕೋ ಬೇಜಾರು. ಎರಡೂ ಒಟ್ಟಿಗೆ! 1985ರ ಯಾವುದೋ ಇಂಗ್ಲೆಂಡಿನ ಹಾಡಿರಬೇಕು ಅಂದುಕೊಂಡು ಕಾಫಿ ಮಾಡುವ ಹುಡುಗನನ್ನು ಕೇಳಿದೆ. ನಕ್ಕುಬಿಟ್ಟ. 2008ರ ಆಲ್ಬಮ್ಮಂತೆ, ಇದೇ ಊರಿನ ಬ್ಯಾಂಡಂತೆ. ಕಟ್ ಕಾಪಿ. ಹಾಡು 'ಹಾರ್ಟ್ಸ್ ಆನ್ ಫೈರ್'.

ಮನೆಗೆ ಬಂದು ಯಜಮಾನರಿಗೆ ಹಾಕಿ ಕೇಳಿಸಿದೆ. ಅವರು ಎರಡು ನಿಮಿಷ ಕೇಳಿ "ಹೆಸರಲ್ಲೇ ಹೇಳಿಬಿಟ್ಟಿದ್ದಾರಲ್ಲ. ಕಟ್ ಆಯಿತು, ಕಾಪಿ ಆಯಿತು, ಇನ್ನು ಪೇಸ್ಟ್ ಒಂದು ಬಾಕಿ" ಅಂದರು. ಅವರು ನ್ಯೂ ಆರ್ಡರ್ ಅನ್ನುವ ಹಳೇ ಇಂಗ್ಲೆಂಡ್ ಬ್ಯಾಂಡಿನ ಭಕ್ತರು. ಬೇರೆ ಯಾರನ್ನೂ ಒಪ್ಪುವುದಿಲ್ಲ.

ನನ್ನ ಪ್ರಶ್ನೆ ಮೂರು. ಯಾವ ಆಲ್ಬಮ್‌ನಿಂದ ಶುರು ಮಾಡಲಿ? ಇದು ನಿಜವಾಗಲೂ ಬರೀ ನಕಲೇ? ಇನ್ನೊಂದು, ಒಂದು ಹಾಡು "ಹಳೇದು" ಅಂತ ಕಿವಿಗೆ ಗೊತ್ತಾಗುವುದು ಹೇಗೆ? ನನಗೆ ಸಂಗೀತ ಬರುವುದಿಲ್ಲ. ಚಿಕ್ಕವಳಿದ್ದಾಗ ಎರಡು ವರ್ಷ ಸರಳೆ ಜಂಟಿ ಕಲಿತು ಬಿಟ್ಟವಳು.

ಬಾಸ್_ಜಾಸ್ತಿ

ಅಯ್ಯೋ, ಹೊಟ್ಟೆಕಿಚ್ಚಾಗುತ್ತಿದೆ. ಮೊದಲ ಸಲ ಕೇಳುವ ಸುಖ ಇನ್ನೊಮ್ಮೆ ಸಿಗಲ್ಲ.

ಕಣ್ಣು ಮುಚ್ಚಿ 'ಇನ್ ಘೋಸ್ಟ್ ಕಲರ್ಸ್' ಹಾಕಿ. ನೀವು ಕೇಳಿದ ಹಾಡು ಇರುವುದು ಅದರಲ್ಲೇ. 2008ರಲ್ಲಿ ಬಂತು, ಬಂದ ಕೂಡಲೇ ಆಸ್ಟ್ರೇಲಿಯಾದ ಚಾರ್ಟಿನಲ್ಲಿ ಒಂದನೇ ಸ್ಥಾನ. ದಯವಿಟ್ಟು ಶಫಲ್ ಒತ್ತಬೇಡಿ. 15 ಟ್ರ್ಯಾಕ್ ಇವೆ, ಅದರಲ್ಲಿ ಕೆಲವು ಚಿಕ್ಕ ಚಿಕ್ಕ ತುಣುಕು. ಅವು ಹಾಡಲ್ಲ, ಒಂದು ಕೋಣೆಯಿಂದ ಇನ್ನೊಂದಕ್ಕೆ ಹೋಗುವ ಬಾಗಿಲು. ಹಾಡು ಮುಗಿಯಿತು ಅಂದುಕೊಳ್ಳುವಷ್ಟರಲ್ಲಿ ಅದರ ಬಾಲ ಹಿಡಿದುಕೊಂಡು ಇನ್ನೊಂದು ಶುರುವಾಗಿರುತ್ತದೆ. ಹಾಡುವ ಡ್ಯಾನ್ ವಿಟ್‌ಫರ್ಡ್ ಡಿಜೆ ಕೂಡ ಹೌದು, ಅದಕ್ಕೇ.

ಮಲ್ಲೇಶ್ವರ_8ನೇ_ಕ್ರಾಸ್

ನಿಮ್ಮ ಯಜಮಾನರಿಗೆ ನನ್ನ ನಮಸ್ಕಾರ ತಿಳಿಸಿ. ಪೇಸ್ಟ್ ಬಾಕಿ! ಮೆಟ್ರೋದಲ್ಲಿ ಒಬ್ಬನೇ ನಕ್ಕೆ, ಪಕ್ಕದವರು ಎದ್ದು ಹೋದರು.

ಹಳೇ_ಕ್ಯಾಸೆಟ್

ತಂಗಿ, ನಿಮ್ಮ ಮನೆಯವರು ಹೇಳಿದ್ದೇ ಸರಿ. ನಾನು ಅವರ ಪಕ್ಷ.

ಚರಿತ್ರೆ ಸ್ವಲ್ಪ ತಿಳಿದುಕೊಳ್ಳಿ. ಮ್ಯಾಂಚೆಸ್ಟರ್‌ನ ಜಾಯ್ ಡಿವಿಷನ್ ಬ್ಯಾಂಡಿನ ಹಾಡುಗಾರ ಇಯಾನ್ ಕರ್ಟಿಸ್ 1980ರ ಮೇ ತಿಂಗಳಲ್ಲಿ ತೀರಿಕೊಂಡ. ಉಳಿದ ಮೂವರು ಹೊಸ ಹೆಸರಿಟ್ಟುಕೊಂಡು ನ್ಯೂ ಆರ್ಡರ್ ಆದರು, ಗಿಲಿಯನ್ ಗಿಲ್ಬರ್ಟ್ ಸೇರಿಕೊಂಡಳು. ಸಾವಿನ ಮನೆಯಿಂದ ಎದ್ದು ಬಂದವರು ಅವರು. 1983ರಲ್ಲಿ 'ಬ್ಲೂ ಮಂಡೇ' ಬಂತು. ಏಳೂವರೆ ನಿಮಿಷ. 12 ಇಂಚಿನ ತಟ್ಟೆ, ಫ್ಲಾಪಿ ಡಿಸ್ಕ್ ಥರ ಕತ್ತರಿಸಿದ ಕವರ್. ಗಿಟಾರ್ ಬ್ಯಾಂಡು ಮೆಷಿನ್ ಮುಂದೆ ಕೂತು ಕುಣಿಸುವುದು ಹೇಗೆ ಅಂತ ತೋರಿಸಿದ್ದು ಅದು. ನೀವು ಹೇಳಿದ "ಕಾಲು ಕುಣಿಯುತ್ತೆ, ಮನಸ್ಸಿಗೆ ಬೇಜಾರು" ಇದೆಯಲ್ಲ, ಅದರ ಪೇಟೆಂಟು ಅವರದು. ಅವರು ಕಳೆದುಕೊಂಡದ್ದಕ್ಕೆ ಹಾಗೆ ಹಾಡಿದರು. ಈ ಹುಡುಗರು ಏನು ಕಳೆದುಕೊಂಡಿದ್ದರು?

ಬಾಸ್_ಜಾಸ್ತಿ

@ಹಳೇ_ಕ್ಯಾಸೆಟ್ ಸರ್, ಏನಾದರೂ ಕಳೆದುಕೊಂಡರೆ ಮಾತ್ರ ಸಿಂಥ್ ಮುಟ್ಟಬೇಕು ಅಂತ ಎಲ್ಲಿ ಬರೆದಿದೆ?

ನ್ಯೂ ಆರ್ಡರ್ ಛಾಯೆ ಇದೆ, ಯಾರೂ ಇಲ್ಲ ಅನ್ನಲ್ಲ. 'ಸೋ ಹಾಂಟೆಡ್' ಒಂದು ಸಲ ಕೇಳಿ. ಗಿಟಾರ್ ಗರಗಸದ ಹಾಗೆ ಶುರುವಾಗುತ್ತದೆ, ಪಲ್ಲವಿ ಬಂದಾಗ ಮೋಡ ಸರಿದ ಹಾಗೆ ಸಿಂಥ್ ತೆರೆದುಕೊಳ್ಳುತ್ತದೆ. ಅದು ಮ್ಯಾಂಚೆಸ್ಟರ್ ಅಲ್ಲವೇ ಅಲ್ಲ. ನ್ಯೂ ಆರ್ಡರ್ ಹಾಡಿನಲ್ಲಿ ಚಳಿ ಇದೆ. ಇದರಲ್ಲಿ ಬಿಸಿಲಿದೆ. ಸಂಜೆ ಬಿಸಿಲು.

ಹಳೇ_ಕ್ಯಾಸೆಟ್

ಬಿಸಿಲು ಸೇರಿಸಿದರೆ ಹೊಸದಾಗಿಬಿಡುತ್ತಾ? ಹಪ್ಪಳಾನಾ?

ಬಾಸ್_ಜಾಸ್ತಿ

ಹೌದು ಸರ್. ಹಿಟ್ಟು ಬೇರೆ, ಹಪ್ಪಳ ಬೇರೆ.

ದಾವಣಗೆರೆ_ಬೆಣ್ಣೆ

ಈ ಆಲ್ಬಮ್ ಮಾಡಿಸಿದ್ದು ಎಲ್‌ಸಿಡಿ ಸೌಂಡ್‌ಸಿಸ್ಟಮ್ ಬ್ಯಾಂಡಿನ ಜೇಮ್ಸ್ ಮರ್ಫಿ ಅಲ್ವಾ? ನ್ಯೂಯಾರ್ಕ್‌ನ ಡಿಎಫ್‌ಎ ಲೇಬಲ್ಲಿನವರು, ಅಂದರೆ ಆ ರೆಕಾರ್ಡ್ ಕಂಪನಿಯವರು.

ಕವರ್_ನೋಡಿ_ಕೊಳ್ಳುವವನು

ಲೇಬಲ್ ಊಹೆ ಹತ್ತಿರ ಬಂತು, ಮನುಷ್ಯ ತಪ್ಪು. ಮರ್ಫಿ ಜೊತೆ ಡಿಎಫ್‌ಎ ಕಟ್ಟಿದ ಟಿಮ್ ಗೋಲ್ಡ್ಸ್‌ವರ್ದಿ ಅಂತ ಇನ್ನೊಬ್ಬ ಇದ್ದಾನೆ, ಇಂಗ್ಲೆಂಡಿನವನು. ಅವನ ಜೊತೆ ನ್ಯೂಯಾರ್ಕ್‌ಗೆ ಹೋಗಿ ರೆಕಾರ್ಡ್ ಮಾಡಿದರು. ಬಿಡುಗಡೆ ಮಾಡಿದ್ದು ಡಿಎಫ್‌ಎ ಅಲ್ಲ, ಸಿಡ್ನಿಯ ಮಾಡ್ಯುಲರ್. ಅವಲಾಂಚಸ್, ಪ್ರಿಸೆಟ್ಸ್, ಟೇಮ್ ಇಂಪಾಲಾ ಬ್ಯಾಂಡಿನವರೆಲ್ಲರೂ ಒಂದು ಕಾಲಕ್ಕೆ ಅದೇ ಮನೆಯವರು.

ಇನ್ನೊಂದು ವಿಷಯ. ವಿಟ್‌ಫರ್ಡ್ ಗ್ರಾಫಿಕ್ ಡಿಸೈನರ್. 2001ರ ಸುಮಾರಿಗೆ ಮನೆಯಲ್ಲಿ ಒಬ್ಬನೇ ಕೂತು ಶುರು ಮಾಡಿದ್ದು ಇದು. ಆಮೇಲೆ ಗಿಟಾರ್‌ಗೆ ಟಿಮ್ ಹೋಯ್, ಡ್ರಮ್‌ಗೆ ಮಿಚೆಲ್ ಸ್ಕಾಟ್ ಬಂದರು. ಬಾಸ್‌ಗೆ ಬೆನ್ ಬ್ರೌನಿಂಗ್ ಸೇರಿದ್ದು ಇನ್ನೂ ತಡವಾಗಿ. ಹಾಗಾಗಿ ಹಾಡು ಕಟ್ಟುವ ರೀತಿಯೇ ಬೇರೆ. ನಾಲ್ಕು ಜನ ಗ್ಯಾರೇಜಿನಲ್ಲಿ ನಿಂತು ಬಾರಿಸಿ ಹುಟ್ಟಿದ್ದಲ್ಲ. ಒಂದು ಪದರದ ಮೇಲೆ ಇನ್ನೊಂದು ಪದರ ಇಟ್ಟು, ಬೇಡದ್ದನ್ನು ಅಳಿಸಿ ಮಾಡಿದ್ದು. ಪೋಸ್ಟರ್ ಮಾಡುವವರು ಹಾಗೇ ತಾನೇ ಕೆಲಸ ಮಾಡುವುದು?

ದಾವಣಗೆರೆ_ಬೆಣ್ಣೆ

ಒಪ್ಪಿದೆ. ತಪ್ಪು ನನ್ನದೇ.

ಕೀಬೋರ್ಡ್_ಮೇಷ್ಟ್ರು

ಮೂರನೇ ಪ್ರಶ್ನೆ ನನ್ನ ಪಾಲಿಗೆ ಬಿಡಿ. 22 ವರ್ಷ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್ ನುಡಿಸಿದವನು ನಾನು. ಗಣೇಶನ ಪೆಂಡಾಲು, ರಾಜ್ಯೋತ್ಸವ, ಮದುವೆ ರಿಸೆಪ್ಷನ್ ಎಲ್ಲಾ ಆಗಿದೆ. ಹಾಡು ಹಳೇದು ಅನ್ನಿಸುವುದಕ್ಕೆ ಕಾರಣ ರಾಗ ಅಲ್ಲಮ್ಮಾ, ನಾದ.

ಮೊದಲು ಬಾಸ್ ಕೇಳಿ. ಕೆಳಗಿನ ಷಡ್ಜ, ಮೇಲಿನ ಷಡ್ಜ, ಕೆಳಗೆ, ಮೇಲೆ, ಹೀಗೆ ಓಡುತ್ತಿರುತ್ತದೆ. ಡಿಸ್ಕೋ ಕಾಲದ ನಡೆ ಅದು. ಇದನ್ನು ಕೇಳಿದ ತಕ್ಷಣ ಕಿವಿ 40 ವರ್ಷ ಹಿಂದೆ ಹೋಗುತ್ತದೆ.

ಎರಡನೆಯದು ಆರ್ಪೆಜಿಯೇಟರ್. ಮೂರು ಕೀ ಒತ್ತಿ ಹಿಡಿದರೆ ಸಾಕು, ಯಂತ್ರವೇ ಸ ಗ ಪ, ಸ ಗ ಪ ಅಂತ ಒಂದೊಂದಾಗಿ ಬಾರಿಸುತ್ತಾ ಹೋಗುತ್ತದೆ. ನೀವು ಸರಳೆ ಕಲಿತಿದ್ದೀರಲ್ಲ, ಸುಸ್ತಾಗದ ಶಿಷ್ಯ ಒಬ್ಬ ಮೂರನೇ ಕಾಲದಲ್ಲಿ ಬಿಡದೆ ಹೇಳುತ್ತಿದ್ದ ಹಾಗೆ ಅಂದುಕೊಳ್ಳಿ.

ಮೂರನೆಯದೇ ಮುಖ್ಯ. ಹಳೇ ಅನಲಾಗ್ ಸಿಂಥ್‌ಗಳ ಶ್ರುತಿ ಒಂದೇ ಕಡೆ ನಿಲ್ಲುತ್ತಿರಲಿಲ್ಲ. ಬಿಸಿಯಾದ ಹಾಗೆಲ್ಲ ಕೂದಲೆಳೆಯಷ್ಟು ಜಾರುತ್ತಿತ್ತು. ರೋಲೆಂಡ್ ಕಂಪನಿಯವರ 1982ರ ಜೂನೊ-60ರಲ್ಲಿ ಆ ಜಾರುವಿಕೆ ಕಡಿಮೆ, ಅದಕ್ಕೆ ಬದಲು ಕೋರಸ್ ಅಂತ ಒಂದು ಗುಂಡಿ ಕೊಟ್ಟರು. ಒಂದೇ ನಾದದ ಜೊತೆ ಅದರದೇ ಸ್ವಲ್ಪ ಅಲುಗಾಡುವ ನೆರಳು ಸೇರಿಸುತ್ತದೆ. ತಂಬೂರಿಯ ಎರಡು ತಂತಿ ಪೂರ್ತಿ ಒಂದಾಗದೆ ನಡುವೆ ಅಲೆ ಏಳುತ್ತದಲ್ಲ, ಆ ಥರ. ನಿಮಗೆ ಬೇಜಾರು ಅನ್ನಿಸಿದ್ದು ಆ ಅಲೆಯಿಂದಲೂ ಇರಬಹುದು. 1983ರಲ್ಲಿ ಯಮಹಾ ಡಿಎಕ್ಸ್-7 ಬಂದ ಮೇಲೆ ನಾದ ಗಾಜಿನ ಹಾಗೆ ಶುದ್ಧವಾಯಿತು, ನೆರಳು ಹೋಯಿತು. ಈಗಿನ ಹುಡುಗರು ಹಳೇ ಯಂತ್ರಕ್ಕೆ ಲಕ್ಷ ಲಕ್ಷ ಕೊಟ್ಟು ಆ ನೆರಳನ್ನು ಮತ್ತೆ ಕೊಳ್ಳುತ್ತಿದ್ದಾರೆ. ನಾವು ತೂಕಕ್ಕೆ ಹಾಕಿದ್ದೆವು.

ಟ್ರಾಂ_19

ಮೇಷ್ಟ್ರೇ, ಕೈ ಮುಗಿದೆ. ತಂಬೂರಿ ಅಂದ ಮೇಲೆ ಮತ್ತೆ ಕೇಳಿದೆ. ಆ ಅಲೆ ಕೇಳಿಸಿತು!

ಬಾಸ್_ಜಾಸ್ತಿ

ಮೇಷ್ಟ್ರು ಸ್ಟೇಜಿನ ಕಥೆ ಒಂದು ಹೇಳಲೇಬೇಕು.

ಕೀಬೋರ್ಡ್_ಮೇಷ್ಟ್ರು

ಒಂದೇ ಹೇಳುತ್ತೇನೆ. ಒಂದು ಊರ ಜಾತ್ರೆ. ರಾತ್ರಿ ಹನ್ನೊಂದು. ಡಿಸ್ಕೋ ಹಾಡು ಭರ್ಜರಿಯಾಗಿ ನಡೆದಿದೆ, ಹುಡುಗರು ಟವೆಲ್ ಬೀಸುತ್ತಿದ್ದಾರೆ. ಜನರೇಟರ್ ಕೆಮ್ಮಿತು. ಕೀಬೋರ್ಡ್ ಆಫ್ ಆಗಿ ತಕ್ಷಣ ಆನ್ ಆಯಿತು. ಆನ್ ಆದರೆ ಮೊದಲು ಬರುವ ಟೋನ್ ಪಿಯಾನೊ. ನನಗೆ ಗೊತ್ತೇ ಆಗಲಿಲ್ಲ, ಕೈ ಓಡುತ್ತಲೇ ಇದೆ. ಡಿಸ್ಕೋ ಹೋಗಿ ಚರ್ಚಿನ ಪ್ರಾರ್ಥನೆ ಆಯಿತು. ಮುಂದಿನ ಸಾಲಿನಲ್ಲಿದ್ದ ಅಜ್ಜ ಒಬ್ಬರು "ಈಗ ಚೆಂದಾಯ್ತು ನೋಡಪ್ಪಾ" ಅಂದರು.

ಭಾವಗೀತೆ_ಪ್ರಿಯೆ

ನಾನೂ ಕುತೂಹಲಕ್ಕೆ ನಾಲ್ಕು ಹಾಡು ಕೇಳಿದೆ. ಸಂಗೀತ ಚೆನ್ನಾಗಿದೆ. ಆದರೆ ಸಾಹಿತ್ಯ ಅಂತ ಏನಿದೆ ಇದರಲ್ಲಿ? ದೀಪ, ಹೃದಯ, ರಾತ್ರಿ, ಮತ್ತೆ ರಾತ್ರಿ. ಶಾಲೆಯ ಮಗು ಬರೆದ ಹಾಗಿದೆ. ನಾವು ಬೇಂದ್ರೆಯವರನ್ನು, ಕೆ.ಎಸ್.ನ. ಅವರನ್ನು ಹಾಡಿನಲ್ಲಿ ಕೇಳಿ ಬೆಳೆದವರು. ಮಾತು ಇಷ್ಟು ಬಡವಾಗಿದ್ದರೆ ನನಗೆ ಹಿಡಿಸುವುದಿಲ್ಲ. ಕ್ಷಮಿಸಿ.

ಹಳೇ_ಕ್ಯಾಸೆಟ್

ಮೊದಲ ಬಾರಿ ಈ ಕಡೆ ಯಾರೋ ಬುದ್ಧಿ ಇರುವವರು ಮಾತಾಡಿದರು.

ಕವರ್_ನೋಡಿ_ಕೊಳ್ಳುವವನು

@ಭಾವಗೀತೆ_ಪ್ರಿಯೆ ಮೇಡಂ, ನ್ಯೂ ಆರ್ಡರ್‌ನ ಬರ್ನಾರ್ಡ್ ಸಮ್ನರ್ ಸಾಲುಗಳನ್ನೂ ಹೀಗೇ ಬೈಯುತ್ತಾರೆ, ಅದು ಕ್ಯಾಸೆಟ್ ಸರ್‌ಗೂ ಗೊತ್ತು. ಅವರು ಸುಮ್ಮನಿದ್ದಾರೆ ನೋಡಿ.

ಉಡುಪಿ_ಮಳೆ

ಅಕ್ಕಾ, ಕೋಲಾಟದ ಪಲ್ಲವಿಯಲ್ಲಿ ಎಷ್ಟು ಅರ್ಥ ಹುಡುಕುತ್ತೀರಿ? ಅಲ್ಲಿ ಮಾತು ಇರುವುದು ಕೋಲು ಹೊಡೆಯುವ ಜಾಗ ತೋರಿಸಲಿಕ್ಕೆ. ಇಲ್ಲೂ ಹಾಗೇ ಮಾರಾಯ್ರೆ. ಒಬ್ಬನೇ ಕೂತು ಓದುವ ಮಾತಲ್ಲ, ಸಾವಿರ ಜನ ಒಟ್ಟಿಗೆ ಕೂಗುವ ಮಾತು. ಕಷ್ಟದ ಪದ ಇಟ್ಟರೆ ಅರ್ಧ ಜನ ಎಡವಿ ಬೀಳುತ್ತಾರೆ.

ಭಾವಗೀತೆ_ಪ್ರಿಯೆ

ಕೋಲಾಟದ ಪದಗಳಲ್ಲಿ ಇಡೀ ಕಥೆ ಇರುತ್ತದೆ. ನಮ್ಮೂರಿಗೆ ಬನ್ನಿ, ಕೇಳಿಸುತ್ತೇನೆ. ಆದರೆ ಒಟ್ಟಿಗೆ ಕೂಗುವ ಮಾತು ಅಂದದ್ದು ಸ್ವಲ್ಪ ಯೋಚನೆಗೆ ಹಚ್ಚಿತು. ಸ್ವಲ್ಪ ಮಾತ್ರ.

ಶಿಕಾಗೋ_ಶಾರದೆ

ಕೂಗುವ ವಿಷಯ ಬಂತಲ್ಲ, ನಾನು ಹೇಳುತ್ತೇನೆ. 2011ರಲ್ಲಿ 'ಝೋನೊಸ್ಕೋಪ್' ಆಲ್ಬಮ್ ಬಂದಾಗ ಇವರನ್ನು ಎದುರಿಗೇ ನೋಡಿದ್ದೇನೆ. ಇಲ್ಲಿಗೆ ಓದಲು ಬಂದ ಮೊದಲ ವರ್ಷ. ರೂಮ್‌ಮೇಟ್ ಎಳೆದುಕೊಂಡು ಹೋದಳು. ಬ್ಯಾಂಡಿನ ಹೆಸರು ಕೇಳಿ ಯಾರೋ ಸಾಫ್ಟ್‌ವೇರ್ ಕೋರ್ಸ್ ಮಾಡುತ್ತಾರೆ ಅಂದುಕೊಂಡಿದ್ದೆ, ನಿಜವಾಗಿ!

ಹಾಡುವವನದು ದೊಡ್ಡ ಕಂಠ ಏನಲ್ಲ. ತೋಳು ಚಾಚಿ, ಬೆರಳು ತೋರಿಸಿ, ಟ್ರಾಫಿಕ್ ಪೊಲೀಸ್ ಥರ ಹಾಡುತ್ತಾನೆ. ಆದರೆ ಡ್ರಮ್ ನಿಜವಾದ ಮನುಷ್ಯ ಬಾರಿಸುತ್ತಿರುತ್ತಾನೆ, ಅದರ ಕೆಳಗೆ ಮೆಷಿನ್ ಕೂಡ ಓಡುತ್ತಿರುತ್ತದೆ. ಎರಡೂ ಎದೆಗೆ ಒಟ್ಟಿಗೆ ಬಡಿಯುವುದು ಹೆಡ್‌ಫೋನ್‌ನಲ್ಲಿ ಗೊತ್ತಾಗಲ್ಲ. ಕೊನೆಕೊನೆಗೆ ಯಾರು ಯಾರ ಭುಜದ ಮೇಲೆ ಕೈ ಹಾಕಿದ್ದಾರೆ ಅಂತ ತಿಳಿಯುತ್ತಿರಲಿಲ್ಲ. ಮನೆ ಬಿಟ್ಟು ಬಂದು ಎರಡು ತಿಂಗಳಾಗಿತ್ತು. ಅವತ್ತು ರಾತ್ರಿ ಅಮ್ಮನಿಗೆ ಫೋನ್ ಮಾಡಿ "ಊಟ ಆಯ್ತು" ಅಂತ ಸುಳ್ಳು ಹೇಳದೆ, ನಿಜವಾಗಲೂ ಊಟ ಮಾಡಿ ಮಲಗಿದೆ.

ಕವರ್_ನೋಡಿ_ಕೊಳ್ಳುವವನು

'ಝೋನೊಸ್ಕೋಪ್' ಕವರ್ ನೋಡಿದಿರಾ ಎಲ್ಲರೂ? ನ್ಯೂಯಾರ್ಕ್ ನಗರವನ್ನೇ ಜಲಪಾತ ನುಂಗುತ್ತಿದೆ. ಜಪಾನಿನ ತ್ಸುನೆಹಿಸಾ ಕಿಮುರಾ ಅನ್ನುವವರ ಫೋಟೋ ಮಾಂಟಾಜ್ ಅದು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಕತ್ತರಿ, ಅಂಟು ಹಿಡಿದು ಮಾಡುತ್ತಿದ್ದರು. ಕಟ್, ಪೇಸ್ಟ್ ಎರಡೂ ಅದರಲ್ಲೇ ಇದೆ, ಟ್ರಾಂ ಮೇಡಂ ಮನೆಯವರಿಗೆ ಹೇಳಿ.

ಆ ಆಲ್ಬಮ್ಮನ್ನು ಮೆಲ್ಬರ್ನ್‌ನಲ್ಲೇ ಒಂದು ಗೋದಾಮಿನಲ್ಲಿ ಕೂತು ತಾವೇ ಮಾಡಿಕೊಂಡರು. ಗ್ರ್ಯಾಮಿ ನಾಮಿನೇಷನ್ ಸಿಕ್ಕಿತು. ಪ್ರಶಸ್ತಿ ಸ್ಕ್ರಿಲೆಕ್ಸ್ ಅನ್ನುವ ಡಿಜೆ ಒಯ್ದ.

ಬಾಸ್_ಜಾಸ್ತಿ

ಅದರ ಕೊನೆಯ ಹಾಡು 'ಸನ್ ಗಾಡ್', 15 ನಿಮಿಷ. ಮೊದಲ ಅರ್ಧ ಹಾಡು, ಉಳಿದದ್ದು ರೈಲು ಹತ್ತಿ ಕೂತ ಹಾಗೆ. ನನಗೆ ಪಾತ್ರೆ ತೊಳೆಯಲು ಅದೇ ಬೇಕು. ಸರಿಯಾಗಿ ಒಂದು ಸಿಂಕ್‌ಗೆ ಒಂದು ಹಾಡು.

ಹಳೇ_ಕ್ಯಾಸೆಟ್

15 ನಿಮಿಷ ಪಾತ್ರೆ ತೊಳೆಯುತ್ತೀರಾ? ಮದುವೆ ಆಗಿದೆಯಾ?

ಬಾಸ್_ಜಾಸ್ತಿ

ಇಲ್ಲ ಸರ್. ಅದಕ್ಕೇ ತೊಳೆಯುತ್ತಿರುವುದು.

ಶಿಕಾಗೋ_ಶಾರದೆ

ಆದ ಮೇಲೂ ತೊಳೆಯಬೇಕು ತಮ್ಮಾ. ಅಭ್ಯಾಸ ಬಿಡಬೇಡ.

ಕಾಫಿ_ತೋಟ

ಇಷ್ಟೆಲ್ಲ ಡಿಸ್ಕೋ, ಸಿಂಥ್ ಅಂತ ಮಾತಾಡುತ್ತಿದ್ದೀರಿ. ನಮ್ಮ ಕೊಡಗಿನ ಬಿದ್ದು ಅಪ್ಪಯ್ಯ ಅವರನ್ನು ಒಬ್ಬರೂ ನೆನೆಯಲಿಲ್ಲವಲ್ಲ!

ಮಲ್ಲೇಶ್ವರ_8ನೇ_ಕ್ರಾಸ್

ಎಲ್ಲಿ ಬಿದ್ದು?

ಕಾಫಿ_ತೋಟ

ಈ ಜೋಕ್ ಪ್ರತಿ ಸಲ ಬರುತ್ತದೆ. ಕೇಳಿ.

ಬಿದ್ದು ಕೊಡವ, ಹುಟ್ಟಿದ್ದು ಬೆಂಗಳೂರಿನಲ್ಲಿ. ಹುಡುಗನಾಗಿದ್ದಾಗ ಅಲ್ಲೇ ಬ್ಯಾಂಡ್ ಕಟ್ಟಿಕೊಂಡು ಹಾಡಿದವರು. 60ರ ದಶಕದಲ್ಲಿ ಲಂಡನ್‌ಗೆ ಹೋದರು. 1974ರ 'ಕುಂಗ್ ಫೂ ಫೈಟಿಂಗ್' ಅವರು ಮಾಡಿಸಿದ್ದು. ತಟ್ಟೆಯ ಬಿ ಸೈಡ್ ತುಂಬಿಸಲು ಗಡಿಬಿಡಿಯಲ್ಲಿ ಮುಗಿಸಿದ ಹಾಡು. ಇಂಗ್ಲೆಂಡ್, ಅಮೆರಿಕ ಎರಡೂ ಕಡೆ ಒಂದನೇ ಸ್ಥಾನಕ್ಕೆ ಹೋಯಿತು. ಇತ್ತ 1980ರ 'ಕುರ್ಬಾನಿ' ಸಿನಿಮಾಕ್ಕೆ ನಾಜಿಯಾ ಹಸನ್ ಅನ್ನುವ ಶಾಲಾ ಹುಡುಗಿಯಿಂದ ಹಾಡಿಸಿದರು. ಮರುವರ್ಷ 'ಡಿಸ್ಕೋ ದೀವಾನೆ'. ನಮ್ಮ ಅಪ್ಪ ಮಡಿಕೇರಿಯ ಮದುವೆ ಮನೆಗಳಲ್ಲಿ ವಾಲಗ ಮುಗಿದ ಮೇಲೆ ಅದಕ್ಕೂ ಕುಣಿದಿದ್ದಾರೆ, ಕುಪ್ಪಸ ಪೀಚೆಕತ್ತಿ ಸಮೇತ. ಫೋಟೋ ಇದೆ, ಹಾಕಲು ಬಿಡುತ್ತಿಲ್ಲ.

ಹಳೇ_ಕ್ಯಾಸೆಟ್

ಬಿದ್ದು ವಿಷಯದಲ್ಲಿ ನನ್ನ ತಕರಾರಿಲ್ಲ. ಸಂತೋಷವಾಯಿತು.

ಧಾರವಾಡ_ಪೇಢಾ

ಹಾಗಾದರೆ ಚರಣಜಿತ್ ಸಿಂಗ್ ಅವರದ್ದನ್ನೂ ಹೇಳಿಬಿಡುತ್ತೇನೆ. ಮುಂಬೈ ಸಿನಿಮಾ ಆರ್ಕೆಸ್ಟ್ರಾಗಳಲ್ಲಿ ನುಡಿಸುತ್ತಿದ್ದವರು. 1982ರಲ್ಲಿ ರೋಲೆಂಡ್‌ನ ಮೂರು ಯಂತ್ರ ಇಟ್ಟುಕೊಂಡು, ಡಿಸ್ಕೋ ತಾಳಕ್ಕೆ ಹತ್ತು ರಾಗ ಕೂಡಿಸಿ ಒಂದು ರೆಕಾರ್ಡ್ ಮಾಡಿದರು. ಭೈರವ, ಲಲಿತ, ತೋಡಿ, ಯಮನ್ ಎಲ್ಲಾ ಇವೆ. ಆಗ ಯಾರೂ ಕೊಳ್ಳಲಿಲ್ಲ. ಅದರಲ್ಲಿದ್ದ ಟಿಬಿ-303 ಯಂತ್ರವನ್ನೇ ಹಿಡಿದು 1987ರಲ್ಲಿ ಶಿಕಾಗೋ ಹುಡುಗರು ಆ್ಯಸಿಡ್ ಹೌಸ್ ಅಂತ ಹೊಸ ಸಂಗೀತ ಹುಟ್ಟಿಸಿದರು. ಈ ಸರ್ದಾರ್ಜಿ ಐದು ವರ್ಷ ಮುಂಚೆ ಹತ್ತಿರ ಹತ್ತಿರ ಅದನ್ನೇ ಮಾಡಿ ಮುಗಿಸಿ ಸುಮ್ಮನಾಗಿದ್ದರು. 2010ರಲ್ಲಿ ವಿದೇಶದವರು ಮತ್ತೆ ಒತ್ತಿಸಿದಾಗ ಜಗತ್ತು ಬಾಯಿ ಬಿಟ್ಟಿತು.

ನಮ್ಮ ಮನೆಯಲ್ಲಿ ಹಿಂದೂಸ್ತಾನಿ ಬಿಟ್ಟು ಬೇರೆ ನಡೆಯುವುದಿಲ್ಲ. ಅಪ್ಪನಿಗೆ ಅದರ ಮಾಲಕಂಸ ಕೇಳಿಸಿದೆ. ಎರಡು ನಿಮಿಷ ಕಣ್ಣು ಮುಚ್ಚಿ ಕೇಳಿ, "ಸ್ವರ ಸರಿ ಅದಾವು. ತಬಲಾದವ ಎಲ್ಲಿ ಹೋಗ್ಯಾನ?" ಅಂದರು.

ಕೀಬೋರ್ಡ್_ಮೇಷ್ಟ್ರು

ತಬಲಾದವನ ಪೇಮೆಂಟ್ ಉಳಿಸಲೆಂದೇ ಸ್ವಾಮಿ ಎಲ್ಲರೂ ರಿದಮ್ ಮೆಷಿನ್ ತಂದದ್ದು. ನಮ್ಮ ತಂಡದಲ್ಲೂ ಅದೇ ಆಯಿತು. 1987ರಲ್ಲಿ 'ಪ್ರೇಮಲೋಕ' ಬಂದ ಮೇಲೆ ಹಂಸಲೇಖ ಅವರ ಹಾಡು ನುಡಿಸದ ಆರ್ಕೆಸ್ಟ್ರಾ ಇರಲಿಲ್ಲ. ಜನ ಕ್ಯಾಸೆಟ್‌ನಲ್ಲಿ ಇದ್ದ ಹಾಗೇ ಸೌಂಡ್ ಬೇಕು ಅನ್ನುತ್ತಿದ್ದರು. ಮೆಷಿನ್ ಬಂತು, ಢೋಲಕ್ ಬಾರಿಸುವ ಗೆಳೆಯ ಮನೆಗೆ ಹೋದ. ಅವನಿಗೆ ಇವತ್ತಿಗೂ ಮೆಷಿನ್ ಸದ್ದು ಕಂಡರೆ ಆಗುವುದಿಲ್ಲ. ಈ ಕಟ್ ಕಾಪಿಯವರು ಮೆಷಿನ್ ಪಕ್ಕದಲ್ಲೇ ಒಬ್ಬ ಡ್ರಮ್ಮರ್‌ನನ್ನೂ ಕೂರಿಸಿಕೊಂಡಿದ್ದಾರೆ ಅಂತ ಶಾರದಮ್ಮ ಹೇಳಿದರಲ್ಲ, ಅದೊಂದು ನನಗೆ ಹಿಡಿಸಿತು.

ತರ್ನೀಟ್_ತಿಮ್ಮ

ವಿಷಯ ಬಿಟ್ಟು ಕೇಳುತ್ತಿದ್ದೇನೆ, ಮೆಲ್ಬರ್ನ್ ಪಶ್ಚಿಮದಲ್ಲಿ ಕರಿಬೇವಿನ ಗಿಡ ಚಳಿಗಾಲ ತಡೆಯುತ್ತಾ? ನಂದು ಎರಡನೇ ಸಲ ಒಣಗಿತು.

ಟ್ರಾಂ_19

ಕುಂಡದಲ್ಲಿಡಿ, ಜೂನ್ ಬಂದರೆ ಒಳಗೆ ತನ್ನಿ, ನೀರು ಕಡಿಮೆ. ಎಲೆ ಉದುರಿದರೂ ಕಿತ್ತು ಹಾಕಬೇಡಿ, ಅಕ್ಟೋಬರ್‌ನಲ್ಲಿ ಚಿಗುರುತ್ತದೆ.

ತರ್ನೀಟ್_ತಿಮ್ಮ

ಥ್ಯಾಂಕ್ಸ್. ನಾನು ಕಿತ್ತು ಹಾಕಿಬಿಟ್ಟೆ.

ಉಡುಪಿ_ಮಳೆ

ಗಿಡದ ವಿಷಯಕ್ಕಿಂತ ಮುಂಚೆ ಇನ್ನೊಂದು. 2013ರ 'ಫ್ರೀ ಯುವರ್ ಮೈಂಡ್' ಆಲ್ಬಮ್‌ಗೆ ಇವರು ಮಾಡಿದ ಪ್ರಚಾರ ಗೊತ್ತಾ? ಬೇರೆ ಬೇರೆ ದೇಶಗಳಲ್ಲಿ ದೊಡ್ಡ ಬೋರ್ಡು ನೆಟ್ಟರು. ಕೆಲವು ಮರುಭೂಮಿಯ ನಡುವೆ. ಆ ಬೋರ್ಡಿನ ಹತ್ತಿರ ಫೋನ್ ಹಿಡಿದು ಹೋದರೆ ಮಾತ್ರ ಹೊಸ ಹಾಡು ಕೇಳುತ್ತಿತ್ತು. ಆ ಆಲ್ಬಮ್ ನನಗೆ ಅಷ್ಟಕ್ಕಷ್ಟೇ, 80 ಬಿಟ್ಟು 90ರ ಕಡೆ ಹೋಗಿದ್ದಾರೆ. ಆದರೆ ಹಾಡು ಕೇಳಲು ಬಿಸಿಲಲ್ಲಿ ನಡೆದು ಹೋಗಬೇಕು ಅನ್ನುವ ಐಡಿಯಾ ಮಾತ್ರ ಚಂದ.

ಬಾಸ್_ಜಾಸ್ತಿ

ಮುಂದಿನದ್ದೂ ಹೇಳಿಬಿಡಿ. 2017ರ 'ಹೈಕು ಫ್ರಮ್ ಝೀರೋ' ಕುಣಿಯಲು, 2020ರ 'ಫ್ರೀಝ್, ಮೆಲ್ಟ್' ಕುಣಿದು ಸುಸ್ತಾಗಿ ಕೂರಲು. ಮೊದಲನೆಯದಾದ 2004ರ 'ಬ್ರೈಟ್ ಲೈಕ್ ನಿಯಾನ್ ಲವ್' ಕೊನೆಗೆ ಕೇಳಿ. ಅದರಲ್ಲಿ ಕಲಿಯುತ್ತಿರುವವರ ಕೈ ಕಾಣುತ್ತದೆ. ಒಮ್ಮೆ ಪ್ರೀತಿ ಹುಟ್ಟಿದ ಮೇಲೆ ಅದೂ ಮುದ್ದಾಗಿಯೇ ಕೇಳುತ್ತದೆ.

ಟ್ರಾಂ_19

ಒಂದು ವಾರದ ವರದಿ ಒಪ್ಪಿಸುತ್ತಿದ್ದೇನೆ.

'ಇನ್ ಘೋಸ್ಟ್ ಕಲರ್ಸ್' ದಿನವೂ ಟ್ರಾಂನಲ್ಲಿ ಕೇಳಿದೆ. ಶಫಲ್ ಒತ್ತಲಿಲ್ಲ. ಕೆಫೆಯಲ್ಲಿ ಹಿಡಿದ ಹಾಡು ಈಗ ನನ್ನ ಮೂರನೇ ಇಷ್ಟ. ಒಂದನೆಯದು 'ಔಟ್ ದೇರ್ ಆನ್ ದಿ ಐಸ್'. ಎರಡನೆಯದು ಕೊನೆಕೊನೆಗೆ ಬರುವ 'ನೋಬಡಿ ಲಾಸ್ಟ್, ನೋಬಡಿ ಫೌಂಡ್'. ಅದು ಬರುವ ಹೊತ್ತಿಗೆ ನನ್ನ ಸ್ಟಾಪ್ ಬಂದಿರುತ್ತದೆ. ಎರಡು ಸಲ ಇಳಿಯದೆ ಮುಂದೆ ಹೋದೆ. ಆಫೀಸಿನಲ್ಲಿ ಟ್ರಾಂ ಲೇಟು ಅಂದೆ.

ಕ್ಯಾಸೆಟ್ ಸರ್, ನ್ಯಾಯಕ್ಕೆ 'ಬ್ಲೂ ಮಂಡೇ' ಕೂಡ ಪೂರ್ತಿ ಕೇಳಿದೆ, ಏಳೂವರೆ ನಿಮಿಷವೂ. ನೀವು ಹೇಳಿದ್ದು ಗೊತ್ತಾಯಿತು. ಅದು ಬಾಗಿಲು ಹಾಕಿಕೊಂಡ ಹಾಡು. ಇದು ಬಾಗಿಲು ತೆರೆದ ಹಾಡು. ಹಾಗಂತ ಹೇಳಿದರೆ ನೀವು ಹಪ್ಪಳ ಅನ್ನುತ್ತೀರಿ.

ಹಳೇ_ಕ್ಯಾಸೆಟ್

ಅನ್ನುತ್ತೇನೆ. ಆದರೆ ತಂಗಿ ಏಳೂವರೆ ನಿಮಿಷ ಕೇಳಿದ್ದೀರಿ, ಅದಕ್ಕೆ ಪ್ರತಿಯಾಗಿ ನಾನೂ ಆ 'ಸೋ ಹಾಂಟೆಡ್' ಕೇಳಿದೆ. ಗಿಟಾರ್ ಪರವಾಗಿಲ್ಲ. ಇದಕ್ಕಿಂತ ಜಾಸ್ತಿ ನನ್ನ ಬಾಯಿಂದ ಬರುವುದಿಲ್ಲ.

ಬಾಸ್_ಜಾಸ್ತಿ

ಸ್ಕ್ರೀನ್‌ಶಾಟ್ ತೆಗೆದುಕೊಂಡೆ.

ಟ್ರಾಂ_19

ಇನ್ನೂ ಮುಖ್ಯ ವಿಷಯ ಬಾಕಿ ಇದೆ. ಮೇಷ್ಟ್ರೇ, ನಿಮ್ಮ ಮಾತು ಕೇಳಿ ತಲೆ ಕೆಟ್ಟು, ನಿನ್ನೆ ಸೆಕೆಂಡ್ ಹ್ಯಾಂಡ್ ಸಾಮಾನಿನ ಅಂಗಡಿಯಲ್ಲಿ ಒಂದು ಪುಟಾಣಿ ಕೀಬೋರ್ಡ್ ತಂದೆ. ಕ್ಯಾಸಿಯೊ ಎಸ್‌ಕೆ-1 ಅಂತ ಬರೆದಿದೆ. ಮಕ್ಕಳ ಆಟಿಕೆ ರಾಶಿಯಲ್ಲಿ ಬಿದ್ದಿತ್ತು. ಅಡಾಪ್ಟರ್ ಇಲ್ಲ. ಮನೆಯಲ್ಲಿರುವ ರೂಟರ್‌ದು ಚುಚ್ಚಲಾ?

ಕೀಬೋರ್ಡ್_ಮೇಷ್ಟ್ರು

ಬೇಡ ಬೇಡ ಬೇಡ! ಹಳೇ ಕ್ಯಾಸಿಯೊಗಳಲ್ಲಿ ಅಡಾಪ್ಟರ್ ಪಿನ್ನಿನ ನಡುಭಾಗ ನೆಗೆಟಿವ್. ರೂಟರ್‌ದು ಸಾಮಾನ್ಯವಾಗಿ ಉಲ್ಟಾ. ಚುಚ್ಚಿದರೆ ಹೊಗೆ. ಸದ್ಯಕ್ಕೆ ಸೆಲ್ ಹಾಕಿ ನುಡಿಸಿ. ಅದರ ಮೇಲೆ ಚಿಕ್ಕ ಮೈಕ್ ಇದೆ ನೋಡಿ. 80ರ ದಶಕದಲ್ಲಿ ಅದೊಂದು ಪವಾಡ. ಸ್ಯಾಂಪ್ಲಿಂಗ್ ಗುಂಡಿ ಒತ್ತಿ ಏನಾದರೂ ಹೇಳಿದರೆ, ಒಂದು ಕ್ಷಣದಷ್ಟು ದನಿಯನ್ನು ಹಿಡಿದಿಟ್ಟುಕೊಂಡು ಪ್ರತಿ ಕೀಗೂ ಬೇರೆ ಶ್ರುತಿಯಲ್ಲಿ ಹೇಳುತ್ತದೆ.

ಟ್ರಾಂ_19

ಸೆಲ್ ಹಾಕಿದೆ. ಕೆಲಸ ಮಾಡುತ್ತಿದೆ! ಸ್ಯಾಂಪ್ಲಿಂಗ್ ಕೂಡ.

ನಾನು ಅಡುಗೆಮನೆಗೆ ಹೋಗಿ ಬರುವಷ್ಟರಲ್ಲಿ ಯಜಮಾನರು ಮೈಕ್‌ಗೆ ಬಾಯಿ ಇಟ್ಟು "ಪೇಸ್ಟ್" ಅಂದಿದ್ದಾರೆ. ಈಗ ಒಂದು ಗಂಟೆಯಿಂದ ಅದರಲ್ಲಿ 'ಬ್ಲೂ ಮಂಡೇ' ನುಡಿಸುತ್ತಿದ್ದಾರೆ. ಪೇ ಪೇ ಪೇ ಪೇಸ್ಟ್. ಪೇ ಪೇ ಪೇ ಪೇಸ್ಟ್. ಸೆಲ್ ಎಷ್ಟು ಹೊತ್ತು ಬರುತ್ತದೆ ಮೇಷ್ಟ್ರೇ?